ಪತ್ತೇದಾರನ ಕಲ್ಲಿನ ಮುಂದೆ ಅಮ್ಮಿಯ ಹೇಳಿಕೆ

ನಮ್ಮೂರಿನ ಹಳೆಯ ಚರ್ಚಿನ ಅಂಗಳದಲ್ಲಿ ಒಬ್ಬ ಇಂಗ್ಲಿಷ್ ಪತ್ತೇದಾರ ಮಣ್ಣಾಗಿದ್ದಾನೆ ಎಂದು ನಾನು ನಲವತ್ತು ದಾಟುವವರೆಗೂ ನಂಬಿದ್ದೆ. ನನ್ನೊಬ್ಬಳ ಪೆದ್ದುತನ ಅಂದುಕೊಳ್ಳಬೇಡಿ. ಚಿತ್ರದುರ್ಗದ ಅರ್ಧ ಊರು ನಂಬಿತ್ತು, ಹೊಸದುರ್ಗ, ಹಿರಿಯೂರು ಕಡೆಯ ಹಳ್ಳಿಗಳೂ ನಂಬಿದ್ದವು. ನಮ್ಮ ಸೀಮೆಯಲ್ಲಿ ಒಂದು ಕಲ್ಲು ನೆಲದ ಮೇಲೆ ಅಡ್ಡ ಮಲಗಿದೆ ಎಂದರೆ ಅದರ ಕೆಳಗೂ ಯಾರೋ ಮಲಗಿದ್ದಾರೆ ಎಂದೇ ಲೆಕ್ಕ. ಯಾರು ಎಂದು ಆಮೇಲೆ ಕೇಳುತ್ತೇವೆ, ಮೊದಲು ಊದುಬತ್ತಿ ಹಚ್ಚುತ್ತೇವೆ.

ಆ ಕಲ್ಲು ಚರ್ಚಿನ ದಕ್ಷಿಣದ ಗೋಡೆಯ ಬುಡದಲ್ಲಿತ್ತು, ಹುಣಸೆ ಮರದಿಂದ ಸ್ವಲ್ಪ ಆಚೆಗೆ. ಕರಿಯ ಕಲ್ಲು, ಒಂದು ಬಾಗಿಲಿನ ಅರ್ಧದಷ್ಟು ಅಗಲ. ಮೇಲೆ ಇಂಗ್ಲಿಷ್ ಅಕ್ಷರಗಳಿದ್ದವು. ಆದರೆ ಎಷ್ಟೋ ಕಾಲದಿಂದ ಹಚ್ಚಿದ ಮೇಣದಬತ್ತಿಯ ಮೇಣ, ಕುಂಕುಮ, ಹರಳೆಣ್ಣೆ, ನಮ್ಮವರು ಚಿಮುಕಿಸಿದ ಅತ್ತರು ಎಲ್ಲ ಸೇರಿ ಅಕ್ಷರಗಳು ಮುಚ್ಚಿಹೋಗಿದ್ದವು. ಬೆರಳಾಡಿಸಿದರೆ 'ಡಿಟೆಕ್ಟಿವ್' ಎಂಬ ಒಂದು ಮಾತು ಮಾತ್ರ ಕೈಗೆ ಸಿಗುತ್ತಿತ್ತು. ನಮಗೆ ಅಷ್ಟೇ ಸಾಕಾಗಿತ್ತು.

ವಿಕ್ಟೋರಿಯಾ ಕಾಲದಲ್ಲಿ ಈತ ಲಂಡನ್ನಿನ ಪೊಲೀಸರಲ್ಲಿ ಪತ್ತೇದಾರನಾಗಿದ್ದನಂತೆ. ಈ ಕಡೆ ದಾರಿಗಳ್ಳರ ಕಾಟ ಹೆಚ್ಚಾದಾಗ ಸರ್ಕಾರದವರು ಕರೆಸಿಕೊಂಡರಂತೆ. ಅಲ್ಲಿಂದಾಚೆಗೆ ಮನೆಗೊಂದು ಕಥೆ. ನಮ್ಮ ಕೇರಿಯವರ ಪ್ರಕಾರ ಅವನು ಸಾಕ್ಷಿಯ ಉಸಿರು ಕೇಳಿಯೇ ಸುಳ್ಳು ಹಿಡಿಯುತ್ತಿದ್ದ. ಕುರಿ ಕಾಯುವವರ ಪ್ರಕಾರ ಗೊರಸಿನ ಗುರುತು ನೋಡಿ ಕುರಿ ಯಾರ ಹಟ್ಟಿಯದು ಎಂದು ಹೇಳುತ್ತಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು, ಯಾರೂ ಯಾರ ಕಥೆಯನ್ನೂ ಅಲ್ಲಗಳೆಯಲಿಲ್ಲ. ಬದುಕಿದ್ದಾಗ ಕಳ್ಳರನ್ನು ಹುಡುಕಿದವನು ಸತ್ತ ಮೇಲೆ ಕಳೆದದ್ದನ್ನು ಹುಡುಕಿಕೊಡುತ್ತಾನೆ ಎಂಬಲ್ಲಿ ಮಾತ್ರ ಎಲ್ಲರೂ ಒಂದಾಗಿದ್ದರು.

ಅದಕ್ಕೊಂದು ಪದ್ಧತಿ ಇತ್ತು. 'ಹೇಳಿಕೆ ಕೊಡೋದು' ಅನ್ನುತ್ತಿದ್ದರು. ಕಳೆದುಕೊಂಡವರು ಕಲ್ಲಿನ ಒಂದು ಬದಿಗೆ ಕೂತು ಅಂಗೈ ಊರಬೇಕು. ಇನ್ನೊಂದು ಬದಿಗೆ ಕೇಳುವವರು. ಕೇಳುವವರು ಮನೆಯವರಾಗಿರಬಾರದು, ಬೇರೆ ಜಾತಿ, ಬೇರೆ ಮತದವರಾದರೆ ಇನ್ನೂ ಒಳ್ಳೆಯದು. ಮನೆಯವರು ಎದುರಿಗಿದ್ದರೆ ಹೇಳುವವರು ಮಾತು ತಿದ್ದುತ್ತಾರೆ, ಅದಕ್ಕೇ ಪತ್ತೇದಾರ ಮನೆಯವರನ್ನು ಒಟ್ಟಿಗೆ ಕೂರಿಸಿ ಎಂದೂ ಕೇಳುತ್ತಿರಲಿಲ್ಲ ಎಂದು ನಂಬಿಕೆ. ಆ ದಿನ ಬೆಳಿಗ್ಗೆ ಎದ್ದಲ್ಲಿಂದ ಹಿಡಿದು ವಸ್ತು ಇಲ್ಲವೆಂದು ಗೊತ್ತಾದ ಗಳಿಗೆವರೆಗೆ ಒಂದನ್ನೂ ಬಿಡದೆ ಬಾಯಿಬಿಟ್ಟು ಹೇಳಬೇಕು. ಕೊನೆಗೆ ಕೇಳಿದವರು ಒಂದೇ ಒಂದು ಪ್ರಶ್ನೆ ಕೇಳಬಹುದು. ಅದಕ್ಕೆ ಉತ್ತರ ಹೇಳಿ, ಇಬ್ಬರೂ ಒಂದೊಂದು ಹಿಡಿ ಮಂಡಕ್ಕಿ ತಿಂದು ಎದ್ದುಹೋಗಬೇಕು.

ನೀವು ನಗಬಹುದು. ನಾನೂ ಟೀಚರು, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು, ನಾನೂ ನಕ್ಕಿದ್ದೇನೆ. ಆದರೆ ನಮ್ಮ ಪಕ್ಕದ ಮನೆಯಾಕೆ ಉಂಗುರ ಕಳೆದುಕೊಂಡು ಹೇಳಿಕೆ ಕೊಟ್ಟಾಗ, ಕೇಳುತ್ತಿದ್ದ ಹೂವಿನವಳು "ಹಿಟ್ಟು ನಾದಿದ ಕೈ ಎಲ್ಲಿ ತೊಳ್ದೆವ್ವಾ?" ಎಂದಳು. ಆಕೆ ಅಲ್ಲಿಂದ ಎದ್ದು ಓಡಿದ್ದು ಸೀದಾ ಹಿತ್ತಿಲಿನ ಬಚ್ಚಲಿಗೆ. ಉಂಗುರ ಸಾಬೂನಿನ ತಟ್ಟೆಯಲ್ಲಿತ್ತು. ಹೊಗಳಿಕೆಯೆಲ್ಲ ಪತ್ತೇದಾರನಿಗೆ ಹೋಯಿತು, ಹೂವಿನವಳಿಗೆ ಒಂದು ಲೋಟ ಟೀ ಕೂಡ ಸಿಗಲಿಲ್ಲ.

ನನ್ನ ಅಮ್ಮಿ ಕಳೆದುಕೊಂಡದ್ದು ನನ್ನ ಅಬ್ಬಾನನ್ನು.

ಅಬ್ಬಾ ರೆಡಿಮೇಡ್ ಬಟ್ಟೆಯ ಗಂಟು ಹೊತ್ತು ಸಂತೆಗಳಿಗೆ ಹೋಗುತ್ತಿದ್ದರು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಹೊಸದುರ್ಗದ ಸಂತೆಗೆಂದು ಹೊರಟವರು ಮನೆಗೆ ಬರಲಿಲ್ಲ. ಸಂತೆಯಲ್ಲಿ ಅವರನ್ನು ಕಂಡವರಿಲ್ಲ. ಪೊಲೀಸರು ಹುಡುಕಿದರು, ನೆಂಟರು ಹುಡುಕಿದರು. ಹಾಲುರಾಮೇಶ್ವರದಲ್ಲಿ ಯಾತ್ರಿಕರ ನಡುವೆ ಕೂತಿದ್ದರು ಎಂದು ಒಬ್ಬ ಹೇಳಿದ. ದಾವಣಗೆರೆಯಲ್ಲಿ ಲಾರಿ ಇಳಿಯುತ್ತಿದ್ದರು ಎಂದು ಇನ್ನೊಬ್ಬ. ಹೋಗಿ ನೋಡಿದರೆ ಎಲ್ಲೂ ಏನೂ ಇಲ್ಲ. ಬಟ್ಟೆಯ ಗಂಟು ಕೂಡ ಸಿಗಲಿಲ್ಲ.

ನೆಂಟರು ಮೊದಲು ಅತ್ತರು, ಆಮೇಲೆ ಸುಮ್ಮನಾದರು, ಆಮೇಲೆ ಅಮ್ಮಿಗೆ ಬುದ್ಧಿ ಹೇಳಲು ಬಂದರು. ಸತ್ತವರಿಗೆ ಓದಿಸುವ ಹಾಗೆ ಅವರ ಹೆಸರಿನಲ್ಲಿ ಒಂದು ಫಾತಿಹಾ ಓದಿಸಿಬಿಡು, ಮನಸ್ಸಿಗೆ ಸಮಾಧಾನ ಆಗುತ್ತೆ ಎಂದರು. ಅಮ್ಮಿ ಟೀ ಕೊಟ್ಟು ಕಳಿಸಿದಳು. ಗಾಜಿನ ಬಳೆ ತೆಗೆಯಲಿಲ್ಲ, ಕರಿಮಣಿ ತೆಗೆಯಲಿಲ್ಲ. ಅಂದಿನಿಂದ ಒಂದು ರಾತ್ರಿಯೂ ಆಕೆ ನಮ್ಮ ಮನೆ ಬಿಟ್ಟು ಬೇರೆಡೆ ಮಲಗಲಿಲ್ಲ. ಒಡಹುಟ್ಟಿದ ತಂಗಿಯ ಮದುವೆ ಹಿರಿಯೂರಿನಲ್ಲಿ ಆದಾಗಲೂ ಸಂಜೆಯ ಬಸ್ಸಿಗೆ ವಾಪಸ್ಸು ಬಂದಳು. "ಅವರು ಬಂದಾಗ ಮನೆಗೆ ಬೀಗ ಇದ್ರೆ ಏನಂದ್ಕಂತಾರೆ?" ಅನ್ನುವಳು. ಮನೆಯೊಳಗೆ ನಮ್ಮದು ಉರ್ದು, ಆದರೆ ಸಿಟ್ಟಿನಲ್ಲಿ ಮತ್ತು ದುಃಖದಲ್ಲಿ ಅಮ್ಮಿಯ ಬಾಯಿಗೆ ಬರುತ್ತಿದ್ದುದು ದುರ್ಗದ ಕನ್ನಡವೇ.

ಗುರುವಾರ ಶಾಲೆ ಬಿಟ್ಟ ಮೇಲೆ ಅಮ್ಮಿ ನನ್ನ ಕೈಹಿಡಿದುಕೊಂಡು ಚರ್ಚಿಗೆ ಹೋಗುತ್ತಿದ್ದಳು. ನನ್ನನ್ನು ಹುಣಸೆ ಮರದ ಕೆಳಗೆ ಕೂರಿಸಿ, "ಇಲ್ಲಿಂದ ಅಲ್ಲಾಡಿದ್ಯೋ, ಕಾಲು ಮುರೀತೀನಿ" ಎಂದು ಹೇಳಿ ಕಲ್ಲಿನ ಹತ್ತಿರ ಹೋಗುವಳು. ನಾನು ಮನೆಯವಳಲ್ಲವೇ, ನನಗೆ ಕೇಳುವ ಹಾಗಿಲ್ಲ. ಅಲ್ಲಿಂದ ಅಮ್ಮಿಯ ಧ್ವನಿ ಮಾತ್ರ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಒಂದೇ ಸಮನೆ, ಏರದೆ ಇಳಿಯದೆ ಬರುವ ಆ ಧ್ವನಿಗೆ ನನಗೆ ನಿದ್ದೆ ಹತ್ತುತ್ತಿತ್ತು.

ಆ ನಿದ್ದೆಯ ಸುಖವನ್ನು ಹೇಗೆ ಹೇಳಲಿ. ಇಳಿಬಿಸಿಲು ಚರ್ಚಿನ ಬಣ್ಣದ ಗಾಜಿನೊಳಗೆ ಹೊಕ್ಕು, ಎದುರಿನ ಕಿಟಕಿಯಿಂದ ನನ್ನ ಲಂಗದ ಮೇಲೆ ಬಂದು ಬೀಳುತ್ತಿತ್ತು. ಕೆಂಪು, ನೀಲಿ, ಜೇನಿನ ಬಣ್ಣ. ಒಳಗೆ ಯಾರೋ ಹಾರ್ಮೋನಿಯಂ ಕಲಿಯುತ್ತಾ ಒಂದೇ ಸಾಲನ್ನು ಮತ್ತೆ ಮತ್ತೆ ತಪ್ಪು ಬಾರಿಸುತ್ತಿದ್ದರು. ಬೆಟ್ಟದ ಕಡೆಯಿಂದ ಬಂದ ಗಾಳಿ ಹುಣಸೆ ಎಲೆಗಳನ್ನು ಉದುರಿಸಿ ನನ್ನ ತಲೆಯ ಮೇಲೆ ಹಾಕುತ್ತಿತ್ತು. ಕಣ್ಣು ಮುಚ್ಚಿದರೆ ಪತ್ತೇದಾರ ಬರುತ್ತಿದ್ದ. ಉದ್ದ ಕೋಟು, ಬಿಸಿಲಿಗೆ ಕೆಂಪಾದ ಮೂಗು. ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ಕಪ್ಪಿನಿಂದ ಬಸಿಗೆ ಟೀ ಹಾಕಿಕೊಂಡು ಆರಿಸುತ್ತಾ ಕುಡಿಯುವನು. ಅಬ್ಬಾನ ಚಪ್ಪಲಿಯ ಗುರುತನ್ನು ಬೆರಳಿನಿಂದ ಅಳೆಯುವನು. ಆಮೇಲೆ ಹೊಸದುರ್ಗದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ನನಗೆ ಟಾಟಾ ಮಾಡುವನು. ಬಸ್ಸು ಬಂಡೆಗಳ ನಡುವೆ ತೇಲುತ್ತಾ ಹೋಗುವುದು. ಇವತ್ತು ಹುಡುಕಿಕೊಂಡು ಬರುತ್ತಾನೆ ಎಂದು ನಿದ್ದೆಯಲ್ಲೇ ಗಟ್ಟಿಯಾಗಿ ಅನಿಸುತ್ತಿತ್ತು. ಅಷ್ಟರಲ್ಲಿ ಅಮ್ಮಿ ಬಂದು ಭುಜ ಅಲ್ಲಾಡಿಸಿ, ನನ್ನ ಬಾಯಿಗೂ ನಾಲ್ಕು ಕಾಳು ಮಂಡಕ್ಕಿ ಹಾಕುತ್ತಿದ್ದಳು.

ಅಮ್ಮಿಯ ಹೇಳಿಕೆ ಕೇಳಲು ಮೊದಮೊದಲು ಯಾರಾದರೂ ಸಿಗುತ್ತಿದ್ದರು. ಬರಬರುತ್ತಾ ಒಬ್ಬಳೇ ಖಾಯಂ ಆದಳು. ಮಾಡದಕೆರೆ ಕಡೆಯ ಕುರಿ ಮಂದೆಯವರ ಮನೆಯವಳು, ದುರ್ಗಕ್ಕೆ ಕಂಬಳಿ ಮಾರಲು ಬರುತ್ತಿದ್ದಳು. ಒಮ್ಮೆ ಕಳೆದ ಟಗರಿಗಾಗಿ ಹೇಳಿಕೆ ಕೊಡಲು ಬಂದಾಗ ಅಮ್ಮಿಯೇ ಅವಳದನ್ನು ಕೇಳಿದ್ದಳು, ಅವಳು ಅಮ್ಮಿಯದನ್ನು ಕೇಳಿದಳು. ಅಲ್ಲಿಂದ ಗುರುವಾರ ತಪ್ಪಿಸಲಿಲ್ಲ. ಬಾಯಿ ಬಹಳ ಜೋರು.

"ಏನವ್ವಾ, ನಿನ್ ಗಂಡ ಈ ವಾರನೂ ಸಿಗ್ಲಿಲ್ವಾ?" ಎಂದು ಗೇಟಿನಿಂದಲೇ ಕೇಳುವಳು.

"ನಿನ್ ಟಗರು ಸಿಕ್ತೇನೆ?" ಅಮ್ಮಿ ಕೇಳುವಳು.

"ಟಗರು ಸಿಕ್ಕಿದ್ರೆ ನಿನ್ ಮುಖ ನೋಡಾಕೆ ಇಲ್ಲಿಗ್ಯಾಕೆ ಬರ್ತಿದ್ದೆ, ಕುಂತ್ಕ."

ಇಬ್ಬರೂ ನಗುತ್ತಿದ್ದರು. ಗಂಡ ಕಾಣೆಯಾದ ಹೆಂಗಸು ಹಾಗೆ ನಗುವುದು ಸರಿಯೇ ಎಂದು ಆಗ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ.

ನಿಜ ಹೇಳಬೇಕೆಂದರೆ ಆ ಸಿಟ್ಟಿನ ಬಹುಪಾಲು ಅಬ್ಬಾನ ಮೇಲಿತ್ತು. ಅವರು ಹೋದ ದಿನದ ಬಗ್ಗೆ ನನಗೆ ನೆನಪಿರುವುದು ಇಷ್ಟೇ: ಎಚ್ಚರವಾದಾಗ ಮೈಯೆಲ್ಲ ಬೆವರು, ಹಾಸಿಗೆಯ ಪಕ್ಕದಲ್ಲಿ ಹೊಸ ಬಟ್ಟೆಯ ನುಸಿಗುಳಿಗೆ ವಾಸನೆ, ಅಬ್ಬಾ ಇಲ್ಲ. ದಿನವೂ ನನ್ನನ್ನು ಎಬ್ಬಿಸಿ, ಕೆನ್ನೆ ಹಿಂಡಿ, ಏನು ತರಲಿ ಎಂದು ಕೇಳಿಯೇ ಹೋಗುತ್ತಿದ್ದ ಮನುಷ್ಯ ಅವತ್ತು ನನ್ನನ್ನು ಮಾತಾಡಿಸದೆ ಹೋಗಿದ್ದರು. ಸಣ್ಣವಳಿದ್ದಾಗ ಅದಕ್ಕೆ ಅತ್ತೆ. ದೊಡ್ಡವಳಾದ ಮೇಲೆ ಬೇರೆ ಅನುಮಾನ ಹೊಕ್ಕಿತು. ಬೇಕೆಂದೇ ಹೋದವರು ಮಗಳ ಮುಖ ನೋಡಲಾರರು, ಅದಕ್ಕೇ ಎಬ್ಬಿಸಲಿಲ್ಲ. ಎಲ್ಲೋ ಇನ್ನೊಂದು ಮನೆ, ಇನ್ನೊಬ್ಬ ಮಗಳು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೊಳಲ್ಕೆರೆಯ ಶಾಲೆಗೆ ಕೆಲಸಕ್ಕೆ ಸೇರಿ, ದಿನಾ ಬಸ್ಸಿನಲ್ಲಿ ಹೋಗಿಬರುವಾಗ, ಕಿಟಕಿಗೆ ತಲೆಯಿಟ್ಟು ತೂಗುತ್ತಾ ಆ ಇನ್ನೊಂದು ಮನೆಯನ್ನು ಕಟ್ಟುತ್ತಿದ್ದೆ. ಅದಕ್ಕೆ ಹಸಿರು ಬಾಗಿಲು ಇಡುತ್ತಿದ್ದೆ. ಆ ಮಗಳಿಗೂ ಒಂದು ಮುಖ ಕೊಟ್ಟಿದ್ದೆ, ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಹೀಗೆ ಕಾಲ ಹೋಯಿತು. ಅಮ್ಮಿಯ ತಲೆ ಬೆಳ್ಳಗಾಯಿತು, ಬೆಟ್ಟಗಳ ಮೇಲೆ ಗಾಳಿಯಂತ್ರಗಳು ಬಂದವು, ಕಂಬಳಿಯವಳ ಕೈಗೆ ಮೊಬೈಲು ಬಂತು. ಗುರುವಾರ ಮಾತ್ರ ಗುರುವಾರವಾಗಿಯೇ ಉಳಿಯಿತು.

ಕಳೆದ ವರ್ಷ ಹಿರಿಯೂರಿನ ಖಾಲಾ, ಅಂದರೆ ಅಮ್ಮಿಯ ತಂಗಿ, ಹಾಸಿಗೆ ಹಿಡಿದಳು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು, ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಖಾಲಾ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ: "ಅಕ್ಕಾ, ಬಂದು ನನ್ ಪಕ್ಕದಲ್ಲಿ ಮಲಿಕ್ಕ. ಸಣ್ಣೋರಿದ್ದಾಗ ಮಲಿಕ್ಕಂತಿದ್ವಲ್ಲ, ಹಂಗೆ." ಅಮ್ಮಿ ಬೆಳಿಗ್ಗೆ ಹೋಗುವಳು, ಗಂಜಿ ಕುಡಿಸುವಳು, ತಲೆ ಬಾಚುವಳು, ಸಂಜೆಗೆ ವಾಪಸ್ಸು. ಬಸ್ಸಿನಲ್ಲಿ ಬರುವಾಗ ಅಳುತ್ತಾ ಬರುತ್ತಿದ್ದಳು ಎಂದು ನಮ್ಮ ಕೇರಿಯ ಹೆಂಗಸೊಬ್ಬಳು ನನಗೆ ಹೇಳಿದಳು.

ನಾನು ಜಗಳಕ್ಕೇ ನಿಂತೆ. "ಇದ್ದವರು ಕರೀತಿದಾರೆ, ನೀನು ಇಲ್ಲದವರಿಗೆ ಬಾಗಿಲು ಕಾಯ್ತೀಯಲ್ಲ."

"ಇಲ್ಲ ಅಂತ ಯಾರಂದ್ರು ನಿಂಗೆ?"

"ಇದ್ರೆ ಬರ್ತಿರ್ಲಿಲ್ವಾ ಅಮ್ಮಿ?"

"ಇಲ್ಲ ಅಂತ ನೀನು ಹೇಳ್ದೆ ಬಿಡು, ನಾನು ಹೇಳಲ್ಲ," ಎಂದು ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟಳು. ಮನೆಯಲ್ಲಿದ್ದದ್ದು ನಾವಿಬ್ಬರೇ, ಆ ದಿನ ಮೂವರಿಗಾಗುವಷ್ಟು ಅನ್ನ ಮಾಡಿದ್ದಳು.

ಅದೇ ಹೊತ್ತಿಗೆ ಚರ್ಚಿನ ರಿಪೇರಿ ಶುರುವಾಯಿತು. ಪತ್ತೇದಾರನ ಕಲ್ಲನ್ನು ಕಿತ್ತು ಒಳಗಿನ ಗೋಡೆಗೆ ಹಾಕುತ್ತಾರಂತೆ ಎಂದು ಸುದ್ದಿ ಬಂತು. ನನಗೆ ರಕ್ತ ಕುದಿಯಿತು. ಹೊಳಲ್ಕೆರೆಯಿಂದ ಬಂದವಳು ಮನೆಗೂ ಹೋಗದೆ, ವ್ಯಾನಿಟಿ ಬ್ಯಾಗು ತಗಲಿಸಿಕೊಂಡೇ ಪಾದ್ರಿಗಳ ಮನೆಯ ಬಾಗಿಲು ಬಡಿದೆ. ಅವರು ಇನ್ನೂ ಚಿಕ್ಕ ವಯಸ್ಸಿನವರು, ಬಹಳ ಮೆತ್ತಗೆ ಮಾತಾಡುವವರು. ಅಂಥವರ ಎದುರು ಕೂಗಾಡುವುದು ಬಲು ಕಷ್ಟ, ಆದರೂ ಕೂಗಾಡಿದೆ. ಸಮಾಧಿಯ ಮೇಲಿನ ಕಲ್ಲು ಕೀಳುವುದು ಯಾವ ಧರ್ಮ ಎಂದು ಕೇಳಿದೆ.

"ಕುಂತ್ಕಳ್ರಿ ಟೀಚರ್," ಎಂದರು. "ಅದು ಸಮಾಧಿ ಅಲ್ಲ. ಅಲ್ಲಿ ಯಾರೂ ಇಲ್ಲ."

ಕಲ್ಲು ಮೊದಲು ಇದ್ದದ್ದು ಚರ್ಚಿನ ಒಳಗೋಡೆಯಲ್ಲೇ, ನೆನಪಿನ ಕಲ್ಲಾಗಿ. ಹಿಂದೆ ಯಾವುದೋ ದೊಡ್ಡ ಮಳೆಗೆ ಆ ಗೋಡೆ ಬಿರುಕು ಬಿಟ್ಟಾಗ ಬಿಚ್ಚಿ ಹೊರಗೆ ಇಟ್ಟಿದ್ದರು. ಗೋಡೆ ಸರಿಯಾಯಿತು, ಕಲ್ಲು ಹೊರಗೇ ಉಳಿಯಿತು. ಅಷ್ಟರೊಳಗೆ ಯಾರೋ ಊದುಬತ್ತಿ ಹಚ್ಚಿದ್ದರು. ಬಂದವರನ್ನು ಓಡಿಸಲು ಹಿಂದಿನ ಪಾದ್ರಿಗಳಿಗೆ ಮನಸ್ಸಾಗಲಿಲ್ಲ.

"ಹಾಗಾದರೆ ಆತನನ್ನು ಹೂತದ್ದು ಎಲ್ಲಿ?" ಎಂದು ಕೇಳಿದೆ.

"ಎಲ್ಲೂ ಇಲ್ಲ. ಒಂದಿನ ದರೋಡೆಯವರ ಜಾಡು ಹಿಡಿದು ಜೋಗಿಮಟ್ಟಿ ಕಾಡಿನ ಕಡೆ ಹೋದೋರು ವಾಪಸ್ ಬರ್ಲಿಲ್ಲ. ಹೆಣನೂ ಸಿಗ್ಲಿಲ್ಲ, ಕುದುರೆನೂ ಸಿಗ್ಲಿಲ್ಲ."

ನಾನು ನಗಲು ಬಾಯಿ ತೆರೆದೆ, ನಗು ಬರಲಿಲ್ಲ. ಊರಿನವರೆಲ್ಲ ಕಳೆದುಹೋದದ್ದನ್ನು ಯಾರ ಹತ್ತಿರ ಕೇಳುತ್ತಿದ್ದರೋ ಅವನೇ ಕಳೆದುಹೋದವನು. ನನ್ನ ಅಮ್ಮಿ ಒಂದು ಜೀವಮಾನ ಪೂರ್ತಿ ಖಾಲಿ ಮಣ್ಣಿಗೆ ಹೇಳಿಕೆ ಕೊಟ್ಟಿದ್ದಳು.

"ಇದು ನಿಮಗೆಲ್ಲ ಮೊದಲಿಂದ ಗೊತ್ತಿತ್ತಾ?" ಎಂದೆ.

"ನಮ್ಮ ಸಭೆಯ ಸಣ್ಣ ಮಕ್ಕಳಿಗೂ ಗೊತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಯಾರೂ ಕೇಳ್ಲಿಲ್ಲವಲ್ರೀ," ಎಂದರು. ಅದರಲ್ಲಿ ಕುಹಕವೇನೂ ಇರಲಿಲ್ಲ. ನಾವು ಕೇಳಿರಲಿಲ್ಲ, ನಿಜ.

ಮನೆಗೆ ಹೋಗಿ ಅಮ್ಮಿಗೆ ಹೇಳಬೇಕು ಎಂದುಕೊಂಡೆ. ಆಕೆ ಬಾಗಿಲಿಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು. ಬಾಯಿ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಊಟ ಮಾಡುವಾಗ, ಮಲಗುವಾಗ, ಬಸ್ಸಿನಲ್ಲಿ, ಪಾಠ ಮಾಡುವಾಗ ಒಂದೇ ಚಿಂತೆ. ಈಕೆ ಕೈಯೂರಿದ್ದ ಒಂದೇ ಕಲ್ಲು ಅದು, ಅದರ ಕೆಳಗೆ ಏನೂ ಇಲ್ಲ ಎಂದು ಗೊತ್ತಾದರೆ ಈಕೆ ಏನಾಗುತ್ತಾಳೆ? ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ತೂಕಡಿಸುತ್ತಿದ್ದಾಗ ಪತ್ತೇದಾರ ಮತ್ತೆ ಬಂದ. ಕೋಟಿನ ತುಂಬ ಕಾಡಿನ ಮುಳ್ಳು. ದಾರಿ ಯಾವ ಕಡೆ ಎಂದು ನನ್ನನ್ನೇ ಕೇಳಿದ. ನನಗೂ ಗೊತ್ತಿರಲಿಲ್ಲ.

ನಾನು ಹೇಳುವ ಮೊದಲೇ ಗುರುವಾರ ಬಂದುಬಿಟ್ಟಿತು. ಅರ್ಧ ದಿನ ರಜೆ ಹಾಕಿ ಓಡಿಬಂದೆ. ಕಾಲೇಜು ಹುಡುಗರಿಂದ ಬಸ್ಸು ತುಂಬಿತ್ತು, ನಿಂತುಕೊಂಡೇ ಬಂದೆ. ಚರ್ಚಿನ ಗೇಟಿನೊಳಗೆ ಕಾಲಿಡುವಾಗ ತಡವಾಗಿತ್ತು. ಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿದ್ದರು. ಅದು ಇದ್ದ ಜಾಗದಲ್ಲಿ ಬೆಳ್ಳಗೆ ಬಿಳಿಚಿಕೊಂಡ ಮಣ್ಣು, ಇರುವೆಗಳು, ಹುಣಸೆ ಬೇರಿನ ಎರಡು ಎಳೆ. ಅಮ್ಮಿ ಅದನ್ನೇ ನೋಡುತ್ತಾ ನಿಂತಿದ್ದಳು. ಕಂಬಳಿಯವಳು ಅವಳ ಮೊಣಕೈ ಹಿಡಿದುಕೊಂಡಿದ್ದಳು. ಪಾದ್ರಿಗಳು ಎಲ್ಲ ಹೇಳಿ ಮುಗಿಸಿದ್ದರು ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ಅಮ್ಮಿ ಬೀಳುತ್ತಾಳೆ ಎಂದುಕೊಂಡೆ. ಅಮ್ಮಿ ಬೀಳಲಿಲ್ಲ. ಕೇಳುವವರು ಕೊನೆಗೆ ಕೇಳುವ ಹಾಗೆ ಒಂದು ಪ್ರಶ್ನೆ ಕೇಳಿದಳು.

"ಹಂಗಾದ್ರೆ ಅಯ್ಯನೋರೇ, ಹೆಣ ಸಿಗ್ದೇ ಇದ್ಮೇಲೆ ಈ ಕಲ್ಲು ಹಾಕ್ಸಿದ್ದು ಯಾರು?"

"ಅವರ ಹೆಂಡ್ತಿ ಅಮ್ಮಾ."

"ಹೆಂಡ್ತಿನೂ ಇಲ್ಲೇ ಇದ್ಲಾ?"

"ಇಲ್ಲೇ ಇದ್ರು. ಮೊದ್ಲು ಬಹಳ ವರ್ಷ ಸಂಜೆ ಆದ್ರೆ ಜೋಗಿಮಟ್ಟಿ ದಾರೀಲಿ ಹೋಗಿ ನಿಂತ್ಕಳ್ತಿದ್ರಂತೆ. ಆಮೇಲೆ ಒಂದಿನ ಅವರೇ ಬಂದು, ಪ್ರಾರ್ಥನೆ ಮಾಡ್ರಿ, ಕಲ್ಲು ಹಾಕ್ರಿ ಅಂದ್ರಂತೆ. ಅದಾದ್ಮೇಲೆ ನಮ್ಮ ಹೆಣ್ಮಕ್ಕಳಿಗೆ ಹೊಲಿಗೆ ಕಲ್ಸಿಕೊಂಡು ಇಲ್ಲೇ ಇದ್ರು. ಊರಿಗೆ ಹೋಗ್ಲಿಲ್ಲ. ನಮ್ಮ ಸಭೆಯ ಮುದುಕಿಯರು ಈಗ್ಲೂ ಆ ಹೊಲಿಗೆಯ ಮಾತಾಡ್ತಾರೆ, ಅವರ ಅಜ್ಜಿಯರು ಕಲ್ತದ್ದು."

"ಕಲ್ಲು ಹಾಕ್ಸಿದ ದಿನ ಅತ್ಲಾ?"

ಪಾದ್ರಿಗಳು ಸುಳ್ಳು ಹೇಳುವವರಲ್ಲ. "ಅದು ಗೊತ್ತಿಲ್ಲ ಅಮ್ಮಾ," ಎಂದರು.

"ಅತ್ತಿರ್ತಾಳೆ," ಎಂದಳು ಅಮ್ಮಿ. "ಆಯಮ್ಮನ್ನ ಎಲ್ಲಿ ಮಣ್ಣು ಮಾಡಿದೀರಿ?"

ಚರ್ಚಿನ ಹಿಂದೆ, ಕಾಂಪೌಂಡಿನ ಮೂಲೆಯಲ್ಲಿ, ಕಣಗಿಲೆ ಗಿಡದ ಅಡಿಯಲ್ಲಿ ಒಂದು ಸಣ್ಣ ಸಮಾಧಿ ಇತ್ತು. ಅಲ್ಲಿಗೆ ಯಾರೂ ಎಂದೂ ಹೋದದ್ದು ನಾನು ಕಾಣೆ. ಕುಂಕುಮವಿಲ್ಲ, ಮೇಣವಿಲ್ಲ, ಉದುರಿದ ಹೂವು ಮಾತ್ರ. ಊರೆಲ್ಲ ಬರೀ ಕಲ್ಲಿಗೆ ಎಣ್ಣೆ ಹಚ್ಚುತ್ತಿದ್ದಾಗ, ನಿಜವಾಗಿ ಮಣ್ಣಾದವಳು ಇಲ್ಲಿ ಒಬ್ಬಳೇ ಮಲಗಿದ್ದಳು. ಸಂಜೆಯ ಬಿಸಿಲು ಅಲ್ಲಿಗೂ ಬಂದಿತ್ತು. ಅಮ್ಮಿ ಮಂಡಿಯೂರಿ ಕೂತು ಹೂವುಗಳನ್ನು ಒಂದು ಕಡೆಗೆ ಸರಿಸಿ ಅಂಗೈ ಊರಿದಳು.

ಕಂಬಳಿಯವಳು ರೂಢಿಯಂತೆ ಎದುರಿಗೆ ಕೂರಲು ಹೋದಳು. ಅಮ್ಮಿ ಕೈ ಅಡ್ಡ ಹಿಡಿದಳು. "ನೀನು ಬ್ಯಾಡ ಕಣೇ. ನಿಂಗೆ ಎಲ್ಲಾ ಬಾಯಿಪಾಠ ಆಗೈತೆ. ಇವಳು ಕುಂತ್ಕಳ್ಳಿ."

"ಮನೆಯೋರು ಕೇಳಂಗಿಲ್ಲ ಕಣವ್ವಾ," ಎಂದಳು ಕಂಬಳಿಯವಳು.

"ಪತ್ತೇದಾರನ ಕಾನೂನು ಅದು. ಇದು ಆಯಮ್ಮನ ಮನೆ."

ಕಂಬಳಿಯವಳು ಸೆರಗಿನಿಂದ ಮುಖ ಒರೆಸಿಕೊಂಡು ಹುಣಸೆ ಮರದ ಕಡೆ ನಡೆದಳು. ನಾನು ಕೂತೆ. ಮಣ್ಣು ಬೆಚ್ಚಗಿತ್ತು. ಚಿಕ್ಕಂದಿನಿಂದ ಧ್ವನಿಯಾಗಿ ಮಾತ್ರ ಕೇಳಿದ್ದು ಈಗ ಮಾತಾಗಿ ಬರತೊಡಗಿತು, ಅದೇ ಏರದ ಇಳಿಯದ ದನಿ.

ಅಬ್ಬಾ ನಮಾಜ್ ಮುಗಿಸಿ ಬಂದರು. ಹಿಂದಿನ ದಿನದ ರೊಟ್ಟಿಯನ್ನು ಟೀಯಲ್ಲಿ ಅದ್ದಿಕೊಂಡು ತಿಂದರು. ಅಂಗಿಯ ಗುಂಡಿ ಕಿತ್ತಿತ್ತು. ತೊಟ್ಟ ಅಂಗಿಗೆ ಗುಂಡಿ ಹಾಕುವಾಗ ಕೆಡುಕಾಗಬಾರದೆಂದು ಬಾಯಲ್ಲಿ ದಾರದ ತುಂಡು ಕಚ್ಚಿಕೊಳ್ಳಲು ಅಮ್ಮಿ ಹೇಳಿದಳು, ಅವರು ಕಚ್ಚಿಕೊಂಡು, ದಾರ ಕಚ್ಚಿದ ಬಾಯಲ್ಲೇ ಏನೋ ತಮಾಷೆ ಮಾಡಿ ಅವಳನ್ನು ನಗಿಸಿದರು. ಸೂಜಿ ಚುಚ್ಚಿತು. ಗಂಟು ಕಟ್ಟಿದರು. ತಮ್ಮ ತಂಗಿಯ ಮಗುವಿಗೆ ಒಂದು ಫ್ರಾಕು ತೆಗೆದಿಡು ಎಂದರು. ಕೊಡೆ ಬೇಡ, ಮಳೆ ಬರೋದಿಲ್ಲ ಎಂದರು. ಜಗಳವಿಲ್ಲ, ಮುನಿಸಿಲ್ಲ, ಯಾವ ಗುಟ್ಟೂ ಇಲ್ಲ. ಎಷ್ಟು ಮಾಮೂಲಿ ಬೆಳಗು. ಹೊಸ ಚಪ್ಪಲಿ ಕಚ್ಚುತ್ತದೆಂದು ಹಳೆಯದನ್ನು ಹಾಕಿಕೊಂಡು ಹೊರಟರು ಎಂಬಲ್ಲಿಗೆ ಅಮ್ಮಿ ನಿಲ್ಲಿಸಿದಳು.

ಒಂದು ಪ್ರಶ್ನೆ ನನ್ನದು. ಇಷ್ಟು ವರ್ಷಗಳಲ್ಲಿ ನನ್ನೊಳಗೆ ಸಾವಿರ ಪ್ರಶ್ನೆ ಬೆಳೆದಿದ್ದವು. ಬಾಯಿಗೆ ಬಂದದ್ದು ಒಂದನೇ ಕ್ಲಾಸಿನವಳದ್ದು.

"ಅಬ್ಬಾ ನನ್ನ ಯಾಕೆ ಮಾತಾಡ್ಸದೆ ಹೋದ್ರು?"

ಕಣಗಿಲೆಯ ನೆರಳು ಅಮ್ಮಿಯ ಕೈಮೇಲಿಂದ ಮಣ್ಣಿಗೆ ಇಳಿಯಿತು.

"ನಿಂಗೆ ಜ್ವರ ಇತ್ತು. ರಾತ್ರಿಯೆಲ್ಲಾ ಮಲಗಿರ್ಲಿಲ್ಲ ನೀನು. ಗಂಟು ಹೊತ್ಕಂಡು ಬಾಗ್ಲಿಗೆ ಹೋದೋರು ನೀನು ನರಳಿದ್ದು ಕೇಳಿ ವಾಪಸ್ ಬಂದ್ರು. ಗಂಟು ಇಳ್ಸಿ ನಿನ್ ಪಕ್ಕದಲ್ಲಿ ಕುಂತ್ಕಂಡು ತಲೆ ತಟ್ತಾ ಇದ್ರು. ನಾನು ಬಸ್ ಹೋಗ್ತೈತೆ ಅಂದೆ. ಹೋದ್ರೆ ಹೋಗ್ಲಿ, ಮಗು ನಿದ್ದೆ ಹತ್ಲಿ ಅಂದ್ರು. ನೀನು ಮಲಗಿದ ಮೇಲೆ, ಎಬ್ಬಿಸ್ಬ್ಯಾಡ, ಸಂಜೆ ಬಂದು ಮಾತಾಡ್ಸ್ತೀನಿ ಅಂದು ಹೋದ್ರು. ದಿನಾ ಹೋಗೋ ಬಸ್ಸು ತಪ್ಪಿತ್ತು. ಯಾವ ಗಾಡಿ ಹತ್ತಿದ್ರೋ ಯಾರಿಗ್ಗೊತ್ತು."

ಆಮೇಲೆ ಹೇಳಿದಳು, "ನೀನು ಇದನ್ನ ಕೇಳ್ಬಾರ್ದು ಅಂತಲೇ ಮರದ ಕೆಳಗೆ ಕೂರಿಸ್ತಿದ್ದೆ. ನನ್ನಿಂದ ಹಿಂಗಾಯ್ತು ಅಂದ್ಕಂಡ್ಬಿಡ್ತೀಯ ಅಂತ."

ನಾನು ಜೋರಾಗಿ ಅತ್ತೆ. ಅಮ್ಮಿ ಹೆದರಿದ್ದು ಯಾವುದಕ್ಕೋ ಆ ಅಳು ಅದಲ್ಲ, ಅದನ್ನು ಅವಳಿಗೆ ಹೇಗೆ ಹೇಳಲಿ. ಅವರು ಬಾಗಿಲಿನಿಂದ ವಾಪಸ್ಸು ಬಂದಿದ್ದರು. ನನಗಾಗಿ ಗಂಟು ಇಳಿಸಿದ್ದರು. ಹಸಿರು ಬಾಗಿಲಿನ ಮನೆ, ಅದರೊಳಗಿನ ಹುಡುಗಿ, ಯಾರೂ ಇರಲಿಲ್ಲ. ನನಗೆ ಅಷ್ಟು ದುಃಖವೂ ಅಷ್ಟು ಸಂತೋಷವೂ ಒಟ್ಟಿಗೆ ಎಂದೂ ಆಗಿರಲಿಲ್ಲ. ಅಮ್ಮಿ ಸಮಾಧಿಯ ಮೇಲಿಂದ ಕೈ ತೆಗೆದು ನನ್ನ ಬೆನ್ನ ಮೇಲೆ ಇಟ್ಟಳು.

"ಇನ್ನು ಸಾಕು," ಎಂದಳು. "ನಾಳೆ ಮೌಲ್ವಿಗಳಿಗೆ ಬರೋಕೆ ಹೇಳು. ನಿಮ್ ಅಬ್ಬಾನ ಹೆಸರಲ್ಲಿ ಫಾತಿಹಾ ಓದ್ಸಾಣ. ಓದ್ಸಿಬಿಟ್ಟು ಸಂಜೆ ಬಸ್ಸಿಗೆ ಹಿರಿಯೂರಿಗೆ ಹೋಗಾಣ."

"ಎಷ್ಟು ದಿನಕ್ಕೆ ಬಟ್ಟೆ ಇಟ್ಕಳ್ಳಲಿ ಅಮ್ಮಿ?"

ಅಮ್ಮಿ ಮಂಡಿ ಹಿಡಿದುಕೊಂಡು ಎದ್ದು ನಿಂತಳು. "ಅವಳು ಇರೋವರ್ಗೂ," ಎಂದಳು.